ಹನ್ನೊಂದನೆಯ ವಿಧಿಗೊಂದು ತಿದ್ದುಪಡಿ

ಮಹಾಸಭೆಗೆ ಎರಡು ತಿಂಗಳು ಮೊದಲೇ ತಿದ್ದುಪಡಿಗಳ ಕರಡು ಎಲ್ಲ ಶಾಖೆಗಳ ಕೈಸೇರಬೇಕು ಎಂಬ ನಿಯಮವನ್ನು ಬರೆದವನು ದೆಲ್ಫೀನೊ ಅರ್ಚುಲೆತಾ. ಆ ನಿಯಮದ ದೆಸೆಯಿಂದಲೇ ಅವನ ಎದೆಗೆ ಬೀಳಬೇಕಾದ ಪೆಟ್ಟು ಎರಡು ತಿಂಗಳು ಮುಂಚಿತವಾಗಿ ಬಿತ್ತು.

ಮೋರಾ ಕಣಿವೆಯ ಸುತ್ತಲಿನ ಬೆಟ್ಟಗಳ ನೆತ್ತಿಯಲ್ಲಿ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಶಾಲೆಯಲ್ಲಿ ಸ್ಪ್ಯಾನಿಷ್ ಪಾಠ ಮುಗಿಸಿ ಬಂದವನು ಒಲೆಯ ಮೇಲೆ ಬೀನ್ಸ್ ಬಿಸಿಗಿಟ್ಟು, ನಿಂತಲ್ಲೇ ಫೋನಿನಲ್ಲಿ ಕರಡು ತೆರೆದ. ಅಲ್ಬಾ ಗೌರವ ಸಂಘ ಎಂದರೆ ದೇಶದ ಹೈಸ್ಕೂಲುಗಳಲ್ಲಿ ಸ್ಪ್ಯಾನಿಷ್ ಚೆನ್ನಾಗಿ ಕಲಿತ ಮಕ್ಕಳನ್ನು ಆರಿಸಿ, ಕೈಗೆ ಮೇಣದ ಬತ್ತಿ ಕೊಟ್ಟು, ಪ್ರಮಾಣ ಮಾಡಿಸಿ ಸೇರಿಸಿಕೊಳ್ಳುವ ಸಂಘ. ಅದರ ನಿಯಮಾವಳಿಯನ್ನು ನೋಡಿಕೊಳ್ಳಲು ಮೂವರ ಸಮಿತಿ. ದೆಲ್ಫೀನೊ ಅದರ ಅಧ್ಯಕ್ಷ. ಕರಡಿನಲ್ಲಿ ಸಣ್ಣಪುಟ್ಟ ಬದಲಾವಣೆಗಳೆಲ್ಲ ಮುಗಿದ ಮೇಲೆ ಹೀಗಿತ್ತು: ‘ಹನ್ನೊಂದನೆಯ ವಿಧಿ. ನಿಯಮ ಸಮಿತಿಯಲ್ಲಿ ಯಾರೂ ಸತತ ಮೂರು ಅವಧಿಗಿಂತ ಹೆಚ್ಚು ಕಾಲ ಇರತಕ್ಕದ್ದಲ್ಲ. ಈಗಿನ ಸದಸ್ಯರಿಗೂ ಇದು ಅನ್ವಯಿಸತಕ್ಕದ್ದು. ಸೂಚಕರು: ನಿಲ್ದಾ ಸಾಂತಾಲಿಸ್, ಹೋಲಿಯೋಕ್, ಮ್ಯಾಸಚೂಸೆಟ್ಸ್.’

ಮತ್ತೊಮ್ಮೆ ಓದಿದ. ಹೆಸರು ಬದಲಾಗಲಿಲ್ಲ. ಬೀನ್ಸ್ ತಳ ಹಿಡಿದ ವಾಸನೆ ಬಂದಾಗ ಒಲೆ ಆರಿಸಿದ.

ಹೆಂಡತಿ ರಮೋನಾ ತೀರಿಕೊಂಡು ಒಂದೆರಡು ವರ್ಷಕ್ಕೆ ಅವನು ಸಮಿತಿಗೆ ಸೇರಿದ್ದು. ಮನೆಯಲ್ಲಿ ಒಬ್ಬನೇ ಕೂತು ಹುಚ್ಚು ಹಿಡಿಸಿಕೊಳ್ಳಬೇಡ, ಎಲ್ಲಾದರೂ ಹೋಗಿ ಬಾ ಎಂದು ಪ್ರಾಂಶುಪಾಲರೇ ದಬ್ಬಿದ್ದರು. ಡೆನ್ವರಿನಲ್ಲಿ ನಡೆದ ಆ ಮೊದಲ ಸಭೆಯಲ್ಲಿ ಸಮಿತಿಯ ಹಿರಿಯ, ಒಹಾಯೋದ ಹಾರ್ಲನ್ ಡೀಟ್ಸ್ ಮೇಷ್ಟ್ರು, ಮಕ್ಕಳು ಪ್ರಮಾಣವಚನವನ್ನು ‘ಶುದ್ಧ ಸ್ಪ್ಯಾನಿಷ್‌ನಲ್ಲಿ’ ಹೇಳತಕ್ಕದ್ದು ಎಂದು ಬರೆದುಕೊಂಡು ಬಂದಿದ್ದರು. ಡೀಟ್ಸ್ ಪುಸ್ತಕದಿಂದ ಭಾಷೆ ಕಲಿತವರು. ಮಾತಾಡಿದರೂ ಪುಟ ತಿರುವಿದ ಹಾಗಿರುತ್ತಿತ್ತು.

“‘ಶುದ್ಧ’ ಅನ್ನೋದನ್ನ ತೆಗೀರಿ ಸಾರ್,” ಎಂದಿದ್ದಳು ಮೇಜಿನ ಆಚೆ ಕೂತಿದ್ದ ಹೆಂಗಸು. ಗುಂಗುರು ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವಳೇ ನಿಲ್ದಾ, ಸಮಿತಿಯ ಮೂರನೆಯವಳು.

“ಶುದ್ಧತೆಯೇ ಇಲ್ಲವೆಂದ ಮೇಲೆ ಗೌರವವೆಲ್ಲಿಯದು, ಶ್ರೀಮತಿ? ನಾನು ಮ್ಯಾಡ್ರಿಡ್‌ನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ—”

“ಮ್ಯಾಡ್ರಿಡ್ ಅಲ್ಲೇ ಇರ್ಲಿ ಬಿಡಿ. ನಮ್ಮಮ್ಮ ಪೋರ್ಟೊರಿಕೋದೋಳು. ಬಸ್ಸಿಗೆ ಗ್ವಾಗ್ವಾ ಅಂತಾಳೆ. ಹಾಗಂದ ತಕ್ಷಣ ಅವಳು ಮೈಲಿಗೆ ಆಗೋದ್ಲಾ?”

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ದೆಲ್ಫೀನೊ ಆಗ ಮೆಲ್ಲಗೆ ಹೇಳಿದ್ದ. “ನಮ್ಮವ್ವ ಸಾಲ್ಯಾಗ ಸ್ಪ್ಯಾನಿಷ್ ಮಾತಾಡಿದ್ಲು ಅಂತ ಬಾಯಾಗ ಸಬಕಾರ ಹಾಕಿ ತೊಳದಿದ್ರು. ಈಗ ಆಕಿ ಮೊಮ್ಮಕ್ಕಳಿಗೆ, ನಿಮ್ಮ ಸ್ಪ್ಯಾನಿಷ್ ಶುದ್ಧ ಇಲ್ಲ ಅಂತ ನಾವೂ ತೊಳೀಬೇಕೇನ್ರಿ?”

ಆ ಪದ ಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ದಾ ತನ್ನ ತಟ್ಟೆ ಎತ್ತಿಕೊಂಡು ಬಂದು ಅವನೆದುರು ಕೂತಳು. ಟರ್ಕಿ ಕೋಳಿಗೆ ಅವನು ಅಜ್ಜಿಯ ಕಾಲದ ಮಾತಿನಲ್ಲಿ ‘ನಾಡಕೋಳಿ’ ಎಂದದ್ದಕ್ಕೆ ಎಷ್ಟು ನಕ್ಕಳೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

“ನಿಮ್ಮೂರಲ್ಲಿ ಮುನ್ನೂರು ವರ್ಷದಿಂದ ಯಾರೂ ಹೊಸ ಪದ ತಂದೇ ಇಲ್ವಾ ದೋನ್ ದೆಲ್ಫೀನೊ?”

“ತಂದಾರ್ರೀ ದೋನ್ಯಾ ನಿಲ್ದಾ. ಆದ್ರ ನಮ್ಮ ರಸ್ತೇದಾಗ ಬರೂತನಕ ಅವೂ ಹಳೇವಾಗಿರ್ತಾವು.”

ಆಮೇಲೆ ಎರಡು ವರ್ಷಕ್ಕೊಮ್ಮೆ, ಒಂದೊಂದು ಸಲ ಒಂದೊಂದು ಊರಿನಲ್ಲಿ, ಬೇಸಿಗೆಯ ಮೂರ್ನಾಲ್ಕು ದಿನ ಮಹಾಸಭೆ. ಅವನು ಮನೆಯ ಕೆಂಪು ಮೆಣಸಿನ ಪುಡಿ ತರುತ್ತಿದ್ದ, ಅವಳು ಕಾಫಿಪುಡಿ. ನಡುವಿನ ತಿಂಗಳುಗಳಲ್ಲಿ ಮೇಲ್‌ಗಳು ಓಡಾಡುತ್ತಿದ್ದವು, ಎಲ್ಲವೂ ನಿಯಮದ ಮೇಲೆಯೇ. ಸದಸ್ಯತ್ವದ ಉಪವಿಧಿಯಲ್ಲಿ ‘ಮತ್ತು’ ಇರಬೇಕೋ ‘ಅಥವಾ’ ಇರಬೇಕೋ ಎಂದು ಅವಳು ಕೇಳಿದರೆ, ಉತ್ತರ ಅರ್ಧ ಗಳಿಗೆಯಲ್ಲಿ ಗೊತ್ತಾಗಿದ್ದರೂ ಅವನು ವಾರಗಟ್ಟಲೆ ಎಳೆಯುತ್ತಿದ್ದ. ಅವಳೂ ಎಳೆಯುತ್ತಿದ್ದಳು. ಹಾಗೆ ಎಳೆಯುತ್ತ ಹೋದ ಸಾಲುಗಳ ಕೊನೆಯಲ್ಲಿ ಒಂದೊಂದು ಮಾತು ಬೀಳುತ್ತಿತ್ತು. ಗಂಡನ ಜೊತೆ ವಿಚ್ಛೇದನ ಮುಗಿಯಿತು. ಅಮ್ಮನನ್ನು ಮನೆಗೆ ಕರೆದುಕೊಂಡು ಬಂದೆ. ಇಲ್ಲಿ ಹಿಮ ಕಿಟಕಿ ಮುಚ್ಚಿದೆ. ಅವನು ಅವನ್ನೇ ಹುಡುಕಿ ಓದುತ್ತಿದ್ದ.

ಸಮಿತಿಯ ಮೂವರೂ ಮೂರು ಅವಧಿ ಮುಗಿಸಿದವರು. ಈಗ ಅವಳೇ ಬಾಗಿಲು ಹಾಕುತ್ತಿದ್ದಾಳೆ. ಯಾಕೆ? ಮೇಲ್ ಬರೆದು ಕೇಳಬಹುದಿತ್ತು. ಕೇಳಲಿಲ್ಲ. ತೋಟಕ್ಕೆ ನೀರು ಬಿಡುವಾಗ, ಪರೀಕ್ಷೆಯ ಕೊಠಡಿಯಲ್ಲಿ ಕಾವಲು ಕೂತಾಗ ಅದನ್ನೇ ಮಗುಚಿ ಹಾಕಿದ. ಕೊನೆಗೆ ಅನುಭವಿಗಳ ಅಗತ್ಯ, ಕೆಲಸದ ನಿರಂತರತೆ ಎಂದೆಲ್ಲ ಸೇರಿಸಿ, ತಿದ್ದುಪಡಿಯನ್ನು ವಿರೋಧಿಸುವ ಒಂದು ಭಾಷಣ ಸಿದ್ಧಮಾಡಿಕೊಂಡು ಸ್ಯಾನ್ ಆಂಟೋನಿಯೊದ ವಿಮಾನ ಹತ್ತಿದ.

ಬೆಳಿಗ್ಗೆಯೇ ಬಿಸಿಲಿಗೆ ಕಾದು ಕೂತಿದ್ದ ಊರು. ಹೋಟೆಲಿನ ತಿಂಡಿಮನೆಯ ಮೂಲೆಯಲ್ಲಿ ನಿಲ್ದಾ ಒಬ್ಬಳೇ ಇದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಅದು ಅವಳಿಗೆ ಒಪ್ಪುತ್ತದೆ ಎಂದು ಹೇಳಬೇಕೆನಿಸಿ, ಹೇಳದೆ ಕುರ್ಚಿ ಎಳೆದುಕೊಂಡ.

“ದೋನ್ಯಾ ನಿಲ್ದಾ, ಈ ತಿದ್ದುಪಡಿ ಯಾಕ್ರಿ?”

ಅವಳು ಕಾಫಿ ಕಲಕಿದಳು. “ಹೊಸಬರು ಬರ್ಬೇಕಲ್ವಾ. ನಾವೇ ಬೇರು ಬಿಟ್ಟು ಕೂತ್ರೆ ಅವ್ರು ಕಲಿಯೋದು ಯಾವಾಗ?”

“ಖರೇ ಐತಿ. ಆದ್ರ ಈಗಿದ್ದವರಿಗೂ ಹಚ್ಚೂದು ಬೇಕಾಗಿದ್ದಿಲ್ಲ. ಮುಂದ ಬರಾವ್ರಿಗೆ ಅಂತ ಬರದಿದ್ರ ಸಾಕಾಗ್ತಿತ್ತು.”

“ನಮ್ಮನ್ನ ಬಿಟ್ಟು ಬೇರೆಯವ್ರಿಗೆ ಮಾತ್ರ ಹಚ್ಚೋ ನಿಯಮ ಎಂಥಾ ನಿಯಮ?”

“ಅಷ್ಟ ಏನ್ರಿ ಕಾರಣ?”

ಅವಳು ಕನ್ನಡಕದ ಮೇಲಿನಿಂದ ಅವನನ್ನೇ ನೋಡಿದಳು. “ಇನ್ನೇನಿರಬೇಕಿತ್ತು?”

ಅಷ್ಟರಲ್ಲಿ ಡೀಟ್ಸ್ ಮೇಷ್ಟ್ರು ಕೋಲೂರುತ್ತ ಬಂದು, “ಇದು ನಮ್ಮ ಮೇಲಣ ಅವಿಶ್ವಾಸ ಗೊತ್ತುವಳಿಯೇ ಸರಿ. ನಾನಂತೂ ಸಮ್ಮತಿಸಲಾರೆ,” ಎಂದು ಕೂತರು. ಮಾತು ಅಲ್ಲಿಗೆ ನಿಂತಿತು.

ಒಬ್ಬರು ಪರ, ಒಬ್ಬರು ವಿರೋಧ. ಸಮಿತಿಯ ಶಿಫಾರಸು ಈಗ ಅವನ ಮಾತಿನ ಮೇಲಿತ್ತು. ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು ಭಾಷಣ ಬಿಡಿಸಿಕೊಂಡ. ಬರೆದ ಕಾರಣಗಳಲ್ಲಿ ಒಂದೂ ಸುಳ್ಳಲ್ಲ, ಆದರೆ ಒಂದೂ ಅವನದಲ್ಲ. ಅವನ ಕಾರಣ ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತಿತ್ತು. ತನ್ನೊಬ್ಬನ ಆಸೆಗೆ ದೇಶಕ್ಕೆಲ್ಲ ಅನ್ವಯವಾಗುವ ನಿಯಮವನ್ನು ಬಗ್ಗಿಸುವುದೇ? ಅವಳಿಗೆ ಬಿಡುಗಡೆ ಬೇಕಾಗಿದ್ದರೆ ಅಡ್ಡ ನಿಲ್ಲಲು ತಾನ್ಯಾರು? ಕಾಗದ ಮಡಿಸಿ ಜೇಬಿಗಿಟ್ಟ. “ಸಮಿತಿ ಇದನ್ನು ಒಪ್ಪಬೇಕೆಂದು ಶಿಫಾರಸು ಮಾಡುತ್ತದೆ,” ಎಂದಷ್ಟೇ ಹೇಳಿ ಇಳಿದ.

ಪ್ರತಿನಿಧಿಗಳ ಹಸಿರು ಚೀಟಿಗಳು ಮೇಲೆದ್ದವು. ತಿದ್ದುಪಡಿ ಗೆದ್ದಿತು. ನಿರ್ಗಮಿಸುವ ಮೂವರಿಗೂ ಹೂಗುಚ್ಛ ಕೊಟ್ಟು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡೀಟ್ಸ್ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಹೋಟೆಲಿನ ಬಾಗಿಲಲ್ಲಿ ನಿಲ್ದಾ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಟ್ಯಾಕ್ಸಿಗೆ ಕಾಯುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ.

“ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ,” ಎಂದಳು, ರಸ್ತೆ ನೋಡುತ್ತ.

“ನೀವು ತಂದದ್ದು. ನಿಮಗ ಬೇಕಾಗೇತಿ ಅಂದಮ್ಯಾಲೆ...”

“ಯಾಕೆ ಅಂತ ಕೇಳ್ತೀರಿ ಅಂತ ಎರಡು ತಿಂಗಳು ಕಾದೆ.”

“ಮುಂಜಾನೆ ಕೇಳಿದ್ನೆಲ್ರಿ.”

“ಅಧ್ಯಕ್ಷರು ಕೇಳಿದ್ರು. ನೀವು ಕೇಳ್ಲಿಲ್ಲ.” ಅವಳ ದನಿ ಸಣ್ಣದಾಯಿತು. “ಪ್ರತಿ ಸಲ ಒಂದು ಉಪವಿಧಿ ಹಿಡ್ಕೊಂಡೇ ನಿಮ್ಮೆದುರಿಗೆ ಬರ್ಬೇಕು ದೋನ್ ದೆಲ್ಫೀನೊ. ಅದಿಲ್ದೆ ನೀವೂ ಬಂದಿಲ್ಲ, ನಾನೂ ಬಂದಿಲ್ಲ. ನಂಗೆ ಸಾಕಾಯ್ತು. ಸಮಿತಿ ಅನ್ನೋದೇ ಇಲ್ದಿದ್ರೆ ನಾವಿಬ್ರೂ ಏನು ಅಂತ ನೋಡ್ಬೇಕು ಅನ್ನಿಸ್ತು. ಅಷ್ಟೆ.”

ಟ್ಯಾಕ್ಸಿ ಬಂದು ನಿಂತಿತು. ಅವನು ಕೈಗಡಿಯಾರ ನೋಡಿಕೊಂಡ.

“ನಿಮ್ಮ ವಿಮಾನಕ್ಕ ಹೊತ್ತಾಗ್ತೈತಿ,” ಎಂದ.

ಅವಳು ತಲೆಯಾಡಿಸಿ, ಪೆಟ್ಟಿಗೆಯನ್ನು ತಾನೇ ಎತ್ತಿಟ್ಟುಕೊಂಡು ಹೋದಳು.

ಆ ವರ್ಷದ ಶರತ್ಕಾಲ ದೆಲ್ಫೀನೊನಿಗೆ ಕಳೆಯಲಾರದಷ್ಟು ಉದ್ದವಾಯಿತು. ಬರೆಯಲು ನೆಪವಿರಲಿಲ್ಲ. ಹೊಸ ಸಮಿತಿಯ ಎಳೆಯರು ಚುರುಕಿನವರು, ಏನನ್ನೂ ಕೇಳಲಿಲ್ಲ. ಅವಳ ಹೆಸರು ಹಾಕಿ ಮೇಲ್ ಶುರುಮಾಡುತ್ತಿದ್ದ, ಕ್ಷೇಮವೇ ಎಂದು ಬರೆಯುತ್ತಿದ್ದ, ಅದು ಅಪರಿಚಿತರಿಗೆ ಬರೆದ ಹಾಗೆ ಕಂಡು ಅಳಿಸುತ್ತಿದ್ದ. ಬೆಟ್ಟದ ಮೇಲೆ ಆಸ್ಪೆನ್ ಮರಗಳು ಹಳದಿಯಾದವು, ಎಲೆ ಉದುರಿಸಿದವು. ರಮೋನಾ ಸತ್ತಾಗ ಊರೇ ಬಂದು ಅತ್ತಿತ್ತು. ಈ ಸಂಕಟಕ್ಕೆ ಬಂದು ಕೂರುವವರಿರಲಿಲ್ಲ, ಯಾಕೆಂದರೆ ಹೆಸರಿಟ್ಟು ಹೇಳುವಂಥದ್ದು ಏನೂ ನಡೆದೇ ಇರಲಿಲ್ಲ.

ಡಿಸೆಂಬರಿನಲ್ಲಿ ಶಾಲೆಯ ಹೊಸ ಸದಸ್ಯರ ಪ್ರಮಾಣ. ಎಸ್ಟೆಫನೀತಾ ಎಂಬ ಹುಡುಗಿ ಮೇಣದ ಬತ್ತಿ ಹಿಡಿದು, ‘ಹಾಗೆಯೇ ನಡೆಯುತ್ತೇನೆ’ ಎನ್ನುವ ಕಡೆ ‘ಹಾಗೆಯೇ’ ಎಂಬುದಕ್ಕೆ ಪುಸ್ತಕದ ಪದ ಬಿಟ್ಟು, ಕಣಿವೆಯ ಮುದುಕಿಯರು ಮಾತ್ರ ಬಳಸುವ ‘ಅನ್ಸೀನಾ’ ಎಂದಳು. ಹಿಂದಿನ ಸಾಲಿನಲ್ಲಿ ಅವಳ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದರು. ದೆಲ್ಫೀನೊ ಇದನ್ನು ಹೇಳಲೆಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಖಾಲಿ ಕುರ್ಚಿ. ಇದನ್ನು ಹೇಳಬೇಕಾದವರು ಭೂಮಿಯ ಮೇಲೆ ಒಬ್ಬರೇ ಇದ್ದರು.

ಸಮಾರಂಭ ಮುಗಿದು ಮಕ್ಕಳು ಬಿಸ್ಕೋಚಿತೊ ಬಿಸ್ಕತ್ತು ತಿನ್ನುತ್ತಿದ್ದಾಗಲೇ ಹೊರಗೆ ಹೋಗಿ, ವಾಹನ ನಿಲ್ಲಿಸುವ ಬಯಲಲ್ಲಿ ನಿಂತು ಫೋನ್ ಮಾಡಿದ. ಹುಡುಗಿಯ ಕತೆ ಹೇಳಿದ. ಆ ಕಡೆ ಅವಳು ನಕ್ಕಳು, ಆಮೇಲೆ ಮೂಗು ಸೀಟಿದ ಸದ್ದು.

“ನಾ ಅಲ್ಲಿಗೆ ಬರ್ಲೇನ್ರಿ?” ಎಂದ.

“ಯಾವ ವಿಷಯಕ್ಕೆ?”

“ಯಾವ ವಿಷಯಕ್ಕೂ ಅಲ್ಲ.”

“ಬನ್ನಿ,” ಎಂದಳು.

ಫೆಬ್ರವರಿಯ ರಜೆಯಲ್ಲಿ ಹೋಲಿಯೋಕ್‌ಗೆ ಹೋದ. ಹಳೆಯ ಕಾಗದದ ಗಿರಣಿಗಳ ಹಿಂದೆ ಇಟ್ಟಿಗೆಯ ಕಟ್ಟಡ, ಮೂರನೆಯ ಮಹಡಿ. ಬಾಗಿಲು ತೆರೆದ ನಿಲ್ದಾ ಅಡುಗೆಮನೆಯ ಬಟ್ಟೆಗೆ ಕೈ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ. ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಅವಳ ತಾಯಿ, ದೋನ್ಯಾ ಪ್ರೋವಿ. ಶರತ್ಕಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾಲಿಗೆಗೆ ಏನೂ ಆಗಿರಲಿಲ್ಲ.

“ನೀನೇನಾ ಆ ನಿಯಮದೋನು? ಸಮಿತಿ ಮುಗಿದೋಯ್ತು ಅಂದ್ಳು ಇವಳು. ಮತ್ಯಾಕ್ ಬಂದೆ?”

ಅವನ ಹತ್ತಿರ ಈ ಸಲ ಪದವಿಯಿರಲಿಲ್ಲ, ಕಡತವಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ನಿಮ್ಮ ಮಗಳನ್ನ ನೋಡಬೇಕನಿಸ್ತು, ಬಂದೆ.”

“ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?”

“ಹೌದ್ರಿ.”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಳಕ್ಕೆ ತಿರುಗಿ, “ನಿಲ್ದಾ, ಅನ್ನಕ್ಕೆ ಇನ್ನೊಂದು ಲೋಟ ಅಕ್ಕಿ ಹಾಕು. ಇವನು ಹಸ್ಕೊಂಡಿರೋ ಹಾಗಿದೆ,” ಎಂದರು.

ಆ ವಾರ ಅವನು ಸಾಮಾನು ಹೊತ್ತು ತಂದ, ಮುದುಕಿಯ ಜೊತೆ ಡಾಮಿನೊ ಆಡಿ ಸೋತ. ಸಂಜೆ ಇಬ್ಬರೂ ಹೆಪ್ಪುಗಟ್ಟಿದ ಕಾಲುವೆಯ ಪಕ್ಕ ನಡೆದರು. ಮೊದಲ ಸಂಜೆ ಮಾತು ತಡವರಿಸಿತು. ಮಾತಾಡಲು ವಿಷಯವೇ ಇಲ್ಲದೆ ಇಬ್ಬರಿಗೂ ನಾಚಿಕೆಯಾಯಿತು. ಅವಳು ಮೆಲ್ಲಗೆ ಅವನ ತೋಳಿಗೆ ತೋಳು ಸೇರಿಸಿದ ಮೇಲೆ ಮಾತಿನ ಅವಸರ ಉಳಿಯಲಿಲ್ಲ.

ಹೊರಡುವ ಹಿಂದಿನ ದಿನ ಅವಳು ಹೇಳಿದಳು. “ಅಮ್ಮನ್ನ ಬಿಟ್ಟು ಬರೋಕೆ ನಂಗಾಗಲ್ಲ ದೆಲ್ಫೀನೊ. ಅವಳನ್ನ ಬೆಟ್ಟಕ್ಕೆ ಸಾಗಿಸೋಕೂ ಆಗಲ್ಲ. ಎಷ್ಟು ವರ್ಷವೋ ಗೊತ್ತಿಲ್ಲ. ಅದು ಬೇಗ ಮುಗೀಲಿ ಅಂತ ನಾನು ಬೇಡ್ಕೊಳ್ಳೋ ಹಾಗೂ ಇಲ್ಲ.”

ಹೆಸರಿನ ಹಿಂದಿನ ಗೌರವದ ‘ದೋನ್’ ಬಿದ್ದುಹೋದದ್ದು ಅವನ ಕಿವಿಗೆ ಬಿತ್ತು. “ಬೇಡ್ಕೋಬ್ಯಾಡ. ನನಗೂ ಸಾಲಿ ಐತಿ, ಹೊಲ ಐತಿ. ನೀರಿನ ಪಾಳಿ ಬಿಟ್ರ ಕಳಕೊಂಡಂಗ. ಆದ್ರ ಬರ್ತೀನಿ. ರಜಾ ಸಿಕ್ಕಾಗೆಲ್ಲ ಬರ್ತೀನಿ.”

“ಬಾ,” ಎಂದಳು ಅವಳು.

ಮಾರ್ಚ್‌ನಲ್ಲಿ ಊರಿನವರೆಲ್ಲ ಸಲಿಕೆ ಹಿಡಿದು ನೀರಿನ ಕಾಲುವೆಯ ಹೂಳು ತೆಗೆಯುವ ಶನಿವಾರ ಬಂತು. ಬಿಸಿಲೇರುವ ಹೊತ್ತಿಗೆ ದೆಲ್ಫೀನೊನ ಅಂಗಿಯ ಜೇಬು ನಡುಗಿತು. ಅವನು ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದ.

“ಯಾರದ್ಲೇ ಫೋನು? ಕೆಲಸ ತಪ್ಪಿಸ್ಕೊಳ್ಳಾಕ ನೀನ ಹೇಳಿಟ್ಟೀಯೇನು?” ಎಂದ ಪಕ್ಕದ ಪಾಲಿನ ಫಾಕುಂದೊ.

“ನಮ್ಮಾಕಿದು.”

ಫಾಕುಂದೊ ಅವನ ಪಾಲಿನ ಮಣ್ಣನ್ನೂ ತಾನೇ ಎತ್ತತೊಡಗಿದ.

ಕಾಲುವೆಯ ತಗ್ಗಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಅವನು ದಿಣ್ಣೆ ಹತ್ತಿ, ಗಾಳಿಗೆ ಬೆನ್ನು ಕೊಟ್ಟು ನಿಂತ. ಅವಳ ದನಿ ತುಂಡುತುಂಡಾಗಿ ಬರುತ್ತಿತ್ತು. ಅಲ್ಲಿ ಮತ್ತೆ ಹಿಮ ಬಿದ್ದಿದೆಯಂತೆ. ಅಮ್ಮ ಅವನನ್ನು ಕೇಳಿದರಂತೆ. ಮುಂದೆ ಇನ್ನೇನನ್ನೋ ಹೇಳಿದಳು, ಅದು ಕೇಳಲಿಲ್ಲ. ಕೇಳಲಿಲ್ಲ ಎಂದು ಅವನು ಹೇಳಲಿಲ್ಲ, ದನಿ ಬರುತ್ತಿದ್ದರೆ ಸಾಕಿತ್ತು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಕರೆ ಕಡಿದುಹೋದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ.