ಗೇಟಿನ ಹೊರಗೆ, ನಾಲ್ಕು ಗಂಟೆಗೆ

ಮರಗಮ್ಮ ಬಚ್ಚಲಿನ ನಲ್ಲಿಗೆ ಹಳೇ ಟವೆಲಿನ ಚೂರು ಸುತ್ತಿ, ಅದರ ಮೇಲೆ ದಾರ ಬಿಗಿದು, ತುದಿಯನ್ನು ಹಲ್ಲಿನಲ್ಲಿ ಕಡಿದಳು. ತೊಟ್ಟಿಕ್ಕುವುದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಗೋಡೆಯಾಚೆ ಹಜಾರದಲ್ಲಿ ವಿಷ್ಣುಮೂರ್ತಿ ಸರ್ ಚಾಪೆಯ ಮೇಲೆ ಮಲಗಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವರು ಆಂಬುಲೆನ್ಸ್ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಈ ನಲ್ಲಿ ರಿಪೇರಿ ಮಾಡುತ್ತೇನೆಂದು ಏಳು ಭಾನುವಾರ ತಮ್ಮ ಇಂಗ್ಲಿಷ್ ಕ್ಲಾಸಿನ ರಿಜಿಸ್ಟರಿನಲ್ಲಿ ಬರೆದು, ಏಳು ಸಲವೂ ತಮ್ಮ ವಾಕ್ಯದ ಮುಂದೆ ತಾವೇ ಇಂಟು ಮಾರ್ಕು ಹಾಕಿಕೊಂಡ ಮನುಷ್ಯ ಅವರು.

"ಅದನ್ನು ಬಿಡಿ ಮರಗಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಸರ್ ಹೆಂಡತಿ ಜಯಲತಾ. "ಅದು ಮನೆಯವರ ಮಾತೇ ಕೇಳ್ಲಿಲ್ಲ, ನಿಮ್ಮ ಮಾತು ಕೇಳ್ತದಾ? ಅನುಷ್ಕಾಳ ವಿಮಾನ ಲೇಟಂತೆ. ಹನ್ನೆರಡಕ್ಕೆ ಅಲ್ಲ, ಮೂರೂವರೆಗೆ ತೆಗೆಯುದು."

ಹೈದರಾಬಾದಿನಿಂದ ಬರುತ್ತಿರುವ ಮಗಳು ಮುಖ ನೋಡದೆ ಅಪ್ಪನನ್ನು ಎತ್ತುವುದಾದರೂ ಹೇಗೆ? "ಆಗ್ಲಿರಿ ಅಕ್ಕಾರ," ಅಂದಳು ಮರಗಮ್ಮ.

ಆದರೆ ಅವತ್ತೇ ನಾಲ್ಕು ಗಂಟೆಗೆ ಠಾಣೆಯ ಘೋಡಬಂದರ್ ರಸ್ತೆಯ ಕಾಂಪ್ಲೆಕ್ಸಿನಲ್ಲಿ ಅವಳ ಇಂಟರ್‌ವ್ಯೂ ಇತ್ತು. ಏಳು ವರ್ಷದಿಂದ ಅಲ್ಲಿನ ಇಪ್ಪತ್ತೆರಡು ಮಾಳಿಗೆಯ ಮೆಟ್ಟಿಲು ಒರೆಸಿದವಳು. ಮೊಣಕಾಲು ಈಗ ಕೂತರೆ ಏಳಗೊಡುವುದಿಲ್ಲ, ಎದ್ದರೆ ಕೂರಗೊಡುವುದಿಲ್ಲ. ಸೂಪರ್‌ವೈಸರ್ ಆದರೆ ಕೈಯಲ್ಲಿ ಮಾಪಿನ ಬದಲು ರಿಜಿಸ್ಟರು ಇರುತ್ತದೆ. ಆಗದಿದ್ದರೆ ಮೆಟ್ಟಿಲನ್ನೇ ಬಿಟ್ಟು ಮನೆಯಲ್ಲಿ ಕೂರು ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಫ್ಲಾಟಿನವರ ದೂರು ಕೇಳುವವಳಿಗೆ ಇಂಗ್ಲಿಷ್ ಬರಲೇಬೇಕು ಎಂಬುದು ಸೊಸೈಟಿ ಸೆಕ್ರೆಟರಿಯ ಹಟ.

ಅವಳು ಸರ್ ಮನೆಯ ಹೊರಗಿನ ಮೆಟ್ಟಿಲಿಗೆ ಹೋಗಿ, ತನ್ನನ್ನು ಕೆಲಸಕ್ಕಿಟ್ಟ ಕಂತ್ರಾಟುದಾರನಿಗೆ ಫೋನು ಹಚ್ಚಿದಳು. ನಾಳೆಗೆ ಮಾಡಿಕೊಡಿ ಅಂದಳು. "ಸೆಕ್ರೆಟರಿ ಸಾಬ್ ಕಲ್ ದುಬೈ ಜಾ ರಹೇ ಹೈಂ," ಎಂದನವನು. "ಆಜ್ ಚಾರ್ ಬಜೇ. ನಹೀಂ ತೊ ದೂಸ್ರೀ ಕೋ ದೇಂಗೆ." ನಾಳೆ ಸೆಕ್ರೆಟರಿ ದುಬೈಗೆ, ಇವತ್ತು ನಾಲ್ಕಕ್ಕೆ ಬರದಿದ್ದರೆ ಕೆಲಸ ಇನ್ನೊಬ್ಬಳಿಗೆ.

ಪಕ್ಕದಲ್ಲೇ ಚಟ್ಟಕ್ಕೆ ಬಿದಿರು ಕಟ್ಟುತ್ತ ಕೂತಿದ್ದ ಸಂಗಮೇಶ ಎಲ್ಲ ಕೇಳಿಸಿಕೊಂಡ. ವಿಜಯಪುರದ ಕಡೆಯವನು, ಹಮಾಲಿ ಮಾಡುವವನು, ಅವಳ ಹಾಗೆ ಸರ್ ಕ್ಲಾಸಿನಲ್ಲಿ ಕಲಿಯುವವನು. "ಸರ್ ಇದ್ದಿದ್ರ ಹೋಗು ಅಂತಿದ್ರು ನೋಡು," ಅಂದ.

"ಸರ್ ಇದ್ದಿದ್ರ ಈ ಮಾತೇ ಇರ್ತಿದ್ದಿಲ್ಲ. ಮಣ್ಣಿಗೆ ಬಂದಾಕಿ ಹೆಣ ಬಿಟ್ಟು ನೌಕರಿ ಕೇಳ್ಲಾಕ ಹೋದ್ಳು ಅಂತಾರ ಮಂದಿ. ಅನ್ನಲಿ ಬಿಡು. ನನಗರ ಹ್ಯಾಂಗ ಮನಸ್ಸು ಬರ್ತದೋ?"

ಸಂಗಮೇಶ ಹಗ್ಗದ ಗಂಟು ಬಿಗಿದ. ಮರಗಮ್ಮ ಫೋನನ್ನು ಸೆರಗಿಗೆ ಕಟ್ಟಿಕೊಂಡಳು. ಹೋಗುವುದಿಲ್ಲ ಎಂದು ಅವಳು ಆಗಲೇ ನಿಶ್ಚಯ ಮಾಡಿಬಿಟ್ಟಿದ್ದಳು.

*

ಠಾಣೆ ಪಕ್ಕದ ಕಳವಾ ಎಂಬಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಖೋಲಿಯಲ್ಲಿ ಭಾನುವಾರ ಬೆಳಿಗ್ಗೆ ಕ್ಲಾಸು. ಗಿರಣಿಗೆ ಭಾನುವಾರವೂ ರಜೆ ಇಲ್ಲ. ಹಾಗಾಗಿ ಸರ್ ಕೂಗಿ ಕಲಿಸುತ್ತಿದ್ದರು, ಹಮಾಲರು, ಗೌಂಡಿಗಳು, ಕಸಗುಡಿಸುವ ಹೆಂಗಸರು ಕೂಗಿ ಕಲಿಯುತ್ತಿದ್ದರು. ಅಲ್ಲಿ ಕಲಿತವರ ಇಂಗ್ಲಿಷಿನಲ್ಲಿ ತಪ್ಪು ಇದ್ದೀತು, ದನಿ ಸಣ್ಣದು ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ.

ವಿಷ್ಣುಮೂರ್ತಿ ಮಾಸ್ತರರೇನಲ್ಲ. ಉಡುಪಿ ಕಡೆಯಿಂದ ಬಂದು, ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಠಾಣೆಯ ಔಷಧ ಕಂಪನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಾಗದ ಟೈಪ್ ಮಾಡಿದವರು. ಮಾಲು ಎಂದು ಹೊರಡುತ್ತದೆ, ಎಂದು ತಲುಪುತ್ತದೆ ಎಂಬುದಷ್ಟೇ ಆ ಕಾಗದಗಳ ಸಾರ. ಜೀವಮಾನವಿಡೀ ಮುಂದೆ ಆಗಬೇಕಾದ್ದನ್ನೇ ಬರೆದದ್ದಕ್ಕೋ ಏನೋ, ಇಂಗ್ಲಿಷಿನ ಭವಿಷ್ಯತ್ಕಾಲದ ಪಾಠ ಬಂತೆಂದರೆ ಅವರಿಗೆ ಹಬ್ಬ.

"ನಾವು ನಾಳೆ ಬರ್ತೇನೆ ಅಂತೇವೆ. ಬಂದ್ರೆ ಬಂದೆವು, ಇಲ್ಲದಿದ್ರೆ ಇಲ್ಲ," ಎಂದು ಗಿರಣಿಯ ಮೇಲೆ ದನಿ ಏರಿಸುತ್ತಿದ್ದರು. "ಇಂಗ್ಲಿಷಿನವ ಹಾಗೆ ಬಿಡುದಿಲ್ಲ, ಎಷ್ಟು ಗಟ್ಟಿ ಅಂತ ಕೇಳ್ತಾನೆ. ಐ ವಿಲ್ ಕಮ್ ಅಂದ್ರೆ ಈಗಷ್ಟೇ ಬಾಯಿಗೆ ಬಂದದ್ದು. ಐ ಆ್ಯಮ್ ಗೋಯಿಂಗ್ ಟು ಕಮ್ ಅಂದ್ರೆ ಮೊದಲೇ ಮನಸ್ಸು ಮಾಡಿ ಆಗಿದೆ. ದಿ ಟ್ರೇನ್ ಲೀವ್ಸ್ ಅಟ್ ಎಯ್ಟ್ ಅಂದ್ರೆ ಟೈಮ್‌ಟೇಬಲ್, ನೀವು ಹತ್ತಿದ್ರೂ ಬಿಟ್ರೂ ಅದು ಹೋಗ್ತದೆ. ಐ ಆ್ಯಮ್ ಕಮಿಂಗ್ ಅಂದ್ರೆ ಇನ್ನೊಬ್ಬರ ಹತ್ರ ಮಾತಾಗಿ, ದಿನ ಗಂಟೆ ಎಲ್ಲ ಗೊತ್ತಾದದ್ದು."

"ಎಲಿ-ಅಡಿಕಿ ಆದಂಗೇನ್ರಿ ಸರ್?" ಎಂದು ಹಿಂದಿನ ಸಾಲಿನಿಂದ ಕೂಗಿದ್ದಳು ಮರಗಮ್ಮ. "ಹೆಣ್ಣು ಗೊತ್ತು ಮಾಡಿ ಎಲಿ-ಅಡಿಕಿ ಹಂಚಿದ ಮ್ಯಾಲ ಹಿಂದ ಸರಿಯಾಕ ಬರಂಗಿಲ್ಲ ನೋಡ್ರಿ."

ಸರ್ ಚಾಕನ್ನು ಕೆಳಗಿಟ್ಟು ನಕ್ಕರು. "ಇಷ್ಟು ವರ್ಷ ನನಗೇ ಹೀಗೆ ಹೇಳ್ಲಿಕ್ಕೆ ಹೊಳೀಲಿಲ್ಲ ಮಾರಾಯ್ತಿ!"

ಕ್ಲಾಸಿಗೆ ಅವರು ಇಟ್ಟಿದ್ದ ಕಟ್ಟಳೆ ಒಂದೇ. ಮುಂದಿನ ವಾರ ಮಾಡುವುದನ್ನು ಪ್ರತಿಯೊಬ್ಬರೂ ಉದ್ದ ರಿಜಿಸ್ಟರಿನಲ್ಲಿ ಒಂದು ವಾಕ್ಯ ಬರೆಯಬೇಕು, ಸರ್ ಕೂಡ. ಮರುವಾರ ಅದನ್ನು ಓದಿ, "ಆಯ್ತಾ, ಇಲ್ವಾ?" ಎಂದು ಕೇಳುವರು. ಆಗಿದ್ದರೆ ರೈಟು, ಇಲ್ಲದಿದ್ದರೆ ಇಂಟು. ಬೈಗುಳ ಇಲ್ಲ, ಉಪದೇಶವೂ ಇಲ್ಲ. ಆದರೂ ಇಂಟು ಬೀಳುತ್ತದೆಂದು ಸಂಗಮೇಶ ಎರಡು ವಾರ ಕ್ಲಾಸಿಗೇ ಬಂದಿರಲಿಲ್ಲ.

ಮೊನ್ನೆ ಭಾನುವಾರ ಮರಗಮ್ಮ ಬರೆದ ವಾಕ್ಯವನ್ನು ಸರ್ ಓದಿದರು. "ಐ ಆ್ಯಮ್ ಮೀಟಿಂಗ್ ದಿ ಸೆಕ್ರೆಟರಿ ಆನ್ ಟ್ಯೂಸ್ಡೇ ಅಟ್ ಫೋರ್. ಹೆದರಿಕೆ ಉಂಟಾ?"

"ಅದ ರೀ. ಅಂವ ಕೇಳಿದ್ದು ತಿಳೀಲಿಲ್ಲಂದ್ರ?"

"ನಾನು ಗೇಟಿನ ಹೊರಗೇ ನಿಂತಿರ್ತೇನೆ. ಗಾಬರಿ ಆದ್ರೆ ನನ್ನ ಕಡೆ ನೋಡಿ, ನಮ್ಮ ಗಿರಣಿಯಲ್ಲೇ ಇದ್ದೇವೆ ಅಂತ ತಿಳ್ಕೊಂಡು ಮಾತಾಡಿ." ಹೀಗೆಂದು ತಮ್ಮ ವಾಕ್ಯ ಬರೆಯಲು ಬಗ್ಗಿದರು. ಆ ವಾರ ನಲ್ಲಿಯ ಸುದ್ದಿ ಬರೆಯಲಿಲ್ಲ.

*

ಸ್ಮಶಾನದಲ್ಲಿ ಆಧಾರ್ ಕಾರ್ಡು ಕೇಳುತ್ತಾರೆಂದು ಜಯಲತಾ ಗಂಡನ ಬಟ್ಟೆಚೀಲವನ್ನು ಮಂಚದ ಮೇಲೆ ಸುರಿದರು. ಕಾರ್ಡಿನ ಜೊತೆ ರಿಜಿಸ್ಟರೂ ಬಿತ್ತು. ಹತ್ತನೇ ಕ್ಲಾಸಿನವರೆಗೆ ಓದಿದವರು ಅವರು. ಕೊನೆಯ ಪುಟವನ್ನು ಬೆರಳಿಟ್ಟು ಓದಿದರು.

"ಐ ಆ್ಯಮ್ ವೇಟಿಂಗ್ ಔಟ್‌ಸೈಡ್ ದಿ ಗೇಟ್ ಆನ್ ಟ್ಯೂಸ್ಡೇ ಅಟ್ ಫೋರ್. ಟ್ಯೂಸ್ಡೇ ಅಂದ್ರೆ ಇವತ್ತಲ್ವಾ? ಯಾವ ಗೇಟು ಮರಗಮ್ಮ?"

ಮರಗಮ್ಮನಿಗೆ ಮುಚ್ಚಿಡಲು ಆಗಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. "ನಾ ಹೋಗಂಗಿಲ್ರಿ ಅಕ್ಕಾರ. ಸರ್ ಮುಖ ಕಾಣೂತನಕ ನಾ ಇಲ್ಲೇ ಇರ್ತೀನಿ."

ಜಯಲತಾ ಪುಟ ಹಿಂದಕ್ಕೆ ತಿರುವಿದರು. ಅಲ್ಲಿ ಏಳು ವಾರದ ನಲ್ಲಿ, ಏಳು ಇಂಟು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹಜಾರಕ್ಕೆ ಹೋಗಿ ಮಗನನ್ನು ಕರೆದರು.

"ರಿತೇಶ್, ಸ್ಮಶಾನಕ್ಕೆ ಹೋಗುವ ದಾರಿಯಲ್ಲೇ ಮರಗಮ್ಮನ ಕಾಂಪ್ಲೆಕ್ಸು ಸಿಗ್ತದೆ. ನಾಲ್ಕು ಗಂಟೆಗೆ ಆ ಗೇಟಿನ ಹೊರಗೆ ಗಾಡಿ ನಿಲ್ಸು. ಐದು ನಿಮಿಷ ಸಾಕು."

ರಿತೇಶ್‌ಗೆ ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಗೆಗೆ ಬರುವುದು ಹಿಂದಿ. "ಮಮ್ಮಿ, ಪಪ್ಪಾ ಕೋ ಲೇಕೆ ಕಿಸೀ ಕೇ ಗೇಟ್ ಪೇ ಖಡೇ ರಹೇಂಗೆ? ಲೋಗ್ ಕ್ಯಾ ಬೋಲೇಂಗೆ?" ಎಂದ. ಅಪ್ಪನ ಹೆಣ ಇಟ್ಟುಕೊಂಡು ಯಾರದೋ ಗೇಟಿನಲ್ಲಿ ನಿಂತರೆ ಜನ ಏನಂದಾರು ಎಂಬುದು ಅವನ ಸಂಕಟ. ಆಮೇಲೆ ದನಿ ತಗ್ಗಿಸಿ, "ಹರ್ ಸಂಡೇ ತೊ ಉನ್ಹೀಂ ಕೋ ದಿಯಾ," ಎಂದೂ ಸೇರಿಸಿದ. ಭಾನುವಾರಗಳೆಲ್ಲ ಕ್ಲಾಸಿನವರಿಗೇ ಹೋಗಿದ್ದವು; ಚಿಕ್ಕಂದಿನಿಂದ ಭಾನುವಾರ ಅಪ್ಪ ಮನೆಯಲ್ಲಿದ್ದದ್ದನ್ನು ಅವನು ಕಂಡಿರಲಿಲ್ಲ.

ಪಕ್ಕದ ಮನೆಯ ಗಾವಡೆ ಕಾಕಾ ಗಂಟಲು ಸರಿಮಾಡಿಕೊಂಡರು. "ಅರೇ, ವಿಸಾವಾ ತೊ ದೇನಾ ಹೀ ಪಡ್ತಾ ಹೈ ನಾ? ವಹೀಂ ದೇಂಗೆ." ಚಟ್ಟವನ್ನು ನಡುದಾರಿಯಲ್ಲಿ ಒಮ್ಮೆ ನಿಲ್ಲಿಸಿ, ಸತ್ತವರಿಗೂ ಹೊತ್ತವರಿಗೂ ದಣಿವಾರಿಸುವ ವಿಸಾವಾ ಮರಾಠಿಗರ ಪದ್ಧತಿ, ಅದನ್ನು ಆ ಗೇಟಿನಲ್ಲೇ ಮಾಡಿದರಾಯಿತು ಎಂಬುದು ಕಾಕಾನ ಮಾತು. "ನಮ್ಮ ಕಡಿನೂ ಇಳಸ್ತಾರ್ರಿ," ಎಂದ ಸಂಗಮೇಶ. ಉಡುಪಿಯ ನೆಂಟರು ಮುಖಮುಖ ನೋಡಿಕೊಂಡರು. ಊರು ಬಿಟ್ಟು ಬಂದ ಮೇಲೆ ಯಾವ ಪದ್ಧತಿ ಯಾರದ್ದು ಎಂದು ವಾದ ಮಾಡುವ ತ್ರಾಣ ಯಾರಿಗೂ ಇರಲಿಲ್ಲ.

ಜಯಲತಾ ರಿಜಿಸ್ಟರನ್ನು ಮಗನ ಕೈಗಿಟ್ಟರು. "ಏಳು ಇಂಟು ಹಾಕ್ಕೊಂಡು ಹೋಗಿದ್ದಾರೆ ನಿನ್ನ ಅಪ್ಪ. ಕೊನೆಯದ್ದಕ್ಕೂ ಬೇಡ ಮಗಾ," ಎಂದರು. ಬೆಳಗಿನಿಂದ ತಡೆದುಕೊಂಡಿದ್ದ ದನಿ ಅಲ್ಲಿ ಒಡೆಯಿತು. ರಿತೇಶ್ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಆಗಲಿ ಎಂದು ತಲೆಯಾಡಿಸಿದ.

ಮರಗಮ್ಮ ಸರ್ ಕಾಲು ಮುಟ್ಟಿ, ಮೂರಕ್ಕೆ ಶೇರ್ ಆಟೋ ಹಿಡಿದಳು.

*

ಸೊಸೈಟಿ ಆಫೀಸು ಗೇಟಿನ ಪಕ್ಕದಲ್ಲೇ, ಮುಂದಿನ ಗೋಡೆ ಪೂರ್ತಿ ಗಾಜು. ಸಾವಿನ ಮನೆಯಿಂದ ಬಂದವಳು ಕೆಲಸದವರ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಳು. ಒದ್ದೆ ಕೂದಲಿನಿಂದ ಕುಪ್ಪಸದ ಬೆನ್ನು ತಣ್ಣಗಾಗಿತ್ತು. ಸೆಕ್ರೆಟರಿ ಕನ್ನಡಕ ಏರಿಸಿ, ಸೂಪರ್‌ವೈಸರ್ ಮಾಡಿದರೆ ನೀನು ಏನು ಮಾಡುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಐ ವಿಲ್..." ಎಂದಳು ಮರಗಮ್ಮ. ಮುಂದಿನದು ಬರಲಿಲ್ಲ. ಗಡಿಯಾರದಲ್ಲಿ ನಾಲ್ಕು ಹೊಡೆದು ಐದು ನಿಮಿಷವಾಗಿತ್ತು. ಗೇಟಿನ ಹೊರಗೆ ಮೆಟ್ರೋ ಕೆಲಸದ ಧೂಳು, ಅಲ್ಲಾಡದೆ ನಿಂತ ಟ್ರಕ್ಕುಗಳ ಸಾಲು. ರಿತೇಶನ ಮನಸ್ಸು ತಿರುಗಿರಬೇಕು, ಇಲ್ಲವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿರಬೇಕು. ಸೆಕ್ರೆಟರಿ ಫೈಲು ಮುಚ್ಚಲು ಕೈ ಇಟ್ಟರು.

ಅಷ್ಟರಲ್ಲಿ ಟ್ರಕ್ಕುಗಳ ನಡುವಿನಿಂದ ಬಿಳಿ ಗಾಡಿಯೊಂದು ಮೂತಿ ತೂರಿಸಿ, ಎಡಕ್ಕೆ ಸರಿದು, ಗೇಟಿನ ಹೊರಗೆ ನಿಂತಿತು. ಹಿಂದಿನ ಬಾಗಿಲು ತೆರೆದುಕೊಂಡಿತು. ಚೆಂಡುಹೂವಿನ ಹಾರ ಕಂಡಿತು. ಇಲ್ಲಿ ನಿಲ್ಲಿಸಬೇಡಿ ಎಂದು ಕೈಬೀಸುತ್ತ ಓಡಿದ ವಾಚ್‌ಮನ್ ಒಳಗಿದ್ದುದನ್ನು ನೋಡಿ ಟೋಪಿ ತೆಗೆದ.

"ಐ ಆ್ಯಮ್ ಗೋಯಿಂಗ್ ಟು ಚೆಕ್ ಎವ್ರಿ ಫ್ಲೋರ್, ಸರ್!" ಎಂದಳು ಮರಗಮ್ಮ, ಗಿರಣಿಯ ಮೇಲಿನ ದನಿಯಲ್ಲಿ. "ಟ್ವೆಂಟಿ ಟೂ ಫ್ಲೋರ್ಸ್! ಎವ್ರಿ ಮಾರ್ನಿಂಗ್!"

ಸೆಕ್ರೆಟರಿ ಕುರ್ಚಿ ಹಿಂದಕ್ಕೆ ಸರಿಸಿದರು. "ಸ್ಲೋಲಿ, ಸ್ಲೋಲಿ. ಐ ಕ್ಯಾನ್ ಹಿಯರ್ ಯೂ."

ಅವಳು ದನಿ ಇಳಿಸಲಿಲ್ಲ. ಸೆಕ್ರೆಟರಿ ಮುಚ್ಚಲು ಹೊರಟ ಫೈಲನ್ನು ಮತ್ತೆ ತೆರೆದು ಇನ್ನೊಂದು ಪ್ರಶ್ನೆ ಕೇಳಿದರು. ಅದಕ್ಕೂ ಹೇಳಿದಳು, ಅದರ ಮುಂದಿನದಕ್ಕೂ ಹೇಳಿದಳು.

ಗಾಜಿನಾಚೆ ರಿತೇಶ್ ಗಾಡಿಯ ಬಾನೆಟ್ಟಿನ ಮೇಲೆ ಉದ್ದ ರಿಜಿಸ್ಟರು ಬಿಡಿಸಿ ಬಗ್ಗಿದ್ದ. ಅವನು ಬರೆದದ್ದು ಅವಳಿಗೆ ಕಾಣುವಷ್ಟು ಹತ್ತಿರವಿರಲಿಲ್ಲ. ಆದರೆ ಇಂಟುವಿಗೆ ಪೆನ್ನು ಎರಡು ಸಲ ಎತ್ತಬೇಕು. ರಿತೇಶ್ ಕೆಳಮುಖವಾಗಿ ಒಂದು ಚಿಕ್ಕ ಗೀಟು ಎಳೆದು, ಹಾಗೆಯೇ ಉದ್ದಕ್ಕೆ ಮೇಲೆಳೆದು, ಪೆನ್ನನ್ನು ಒಂದೇ ಸಲ ಎತ್ತಿದ.