ಗಟ್ಟಿಯಾಗಿ ಓದುವವನು

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಅಪ್ಪನ ಜ್ವರ ನೋಡಲು ಬಂದ ತಂಗಿ ಕೋಣೆಯ ಬಾಗಿಲಲ್ಲೇ ನಿಂತು ಕಿವಿಗೊಟ್ಟಳು. ಒಳಗೆ ಅಣ್ಣ ಹಾಸಿಗೆಯ ಪಕ್ಕ ಕೂತು ಧರ್ಮಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದ. ಅಂಗಡಿ ಮುಳುಗಿಸಿ ಮನೆಗೆ ಮರಳಿದವನಿಗೆ ಇಲ್ಲದ ಭಕ್ತಿ ಎಲ್ಲಿಂದ ಬಂತು? ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವ ಹುನ್ನಾರವೇ ಇದು ಎಂದು ಅವಳಿಗೆ ಅನ್ನಿಸಿತು.

“ಬೆಳಿಗ್ಗೆ ಬೆಳಿಗ್ಗೆನೇ ಅಪ್ಪನ್ನ ಬುಟ್ಟಿಗೆ ಹಾಕ್ಕೊಳ್ತಿದೀಯಾ ಅಣ್ಣಾ?”

“ಅವರಿಗೆಲ್ಲಿ ಕೇಳತ್ತೆ ಕಣೇ? ಕಿವಿ ಮಿಷನ್ನು ಮೇಜಿನ ಮೇಲಿದೆ ನೋಡು.”

ಅವಳು ನಂಬದೆ ಅದನ್ನು ಕೈಗೆತ್ತಿಕೊಂಡು ತೆರೆದು ನೋಡಿದಳು. ಒಳಗೆ ಬ್ಯಾಟರಿಯೇ ಇರಲಿಲ್ಲ.

“ಮತ್ತೆ ಯಾರಿಗೆ ಓದ್ತಿದೀಯಾ?”

“ನನಗೇ. ಮನಸ್ಸಲ್ಲೇ ಓದಿದ್ರೆ ಮಧ್ಯೆ ಆ ಹಾಳು ಅಂಗಡಿ ಬಂದು ಕೂತ್ಕೊಳ್ಳತ್ತೆ. ಬಾಯಿಬಿಟ್ಟು ಓದಿದ್ರೆ ಇನ್ನೊಂದು ದಿನ ತಳ್ಳೋಷ್ಟು ಧೈರ್ಯ ಬರತ್ತೆ.”

ಅವಳ ಅನುಮಾನ ಪೂರ್ತಿ ಹೋಗಲಿಲ್ಲ. ಆದರೂ ಕೇಳಿಸದ ಕಿವಿಯ ಮುಂದೆ ನಾಟಕವಾಡಿ ಯಾರಿಗೆ ಏನು ಲಾಭ?

“ಯಾಕೆ ನಿಲ್ಲಿಸಿದೆ? ಓದು,” ಎಂದು ಅಪ್ಪನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಎದುರಿಗೆ ಕೂತಳು. ಅಣ್ಣ ಪುಟ ಮುಗಿಸುವಷ್ಟರಲ್ಲಿ ಅದು 37.9 ಡಿಗ್ರಿ ಸೆಲ್ಸಿಯಸ್ ಜ್ವರ ತೋರಿಸಿತು.