ಹದಿಮೂರಕ್ಕೊಂದು

ಫ್ರಿಜ್ಜಿನ ಬಾಗಿಲಿಗೆ ‘೭೧’ ಎಂದು ಬರೆದ ಚೀಟಿ ಅಂಟಿಸಿ ಕೈದಾರ್ ಅದನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿದ. ಒಲೆಯ ಮುಂದಿದ್ದ ಷೋಲ್ಪನ್ ತಿರುಗಿ ನೋಡಲಿಲ್ಲ.

"ಓದ್ಕೋ. ನಿಂದೆಷ್ಟಿತ್ತು, ಎಂಬತ್ತೇಳಾ?"

"ನಿನ್ನ ಚಮಚ ನನ್ನ ಕಪಾಟಲ್ಲಿದೆ. ತೆಗಿ."

"ಹದಿನೇಳನೇ ಗಣೀಲಿ ಚಳಿ ಬೇಗ ಶುರುವಾಗತ್ತಂತೆ. ಕಲ್ಲಿದ್ದಲು ಈಗ್ಲೇ ತುಂಬಿಸ್ಕೋ. ನಂಗೇನಾಗಬೇಕು, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಅತ್ತ ಇಟ್ಟಳು. ಮಾರ್ಚಿನಲ್ಲೇ ಇಬ್ಬರಿಗೂ ವಿಚ್ಛೇದನವಾಗಿತ್ತು. ಆದರೆ ನಮ್ಮ ಗಣಿಯೂರು ಕರಗಂಡದಲ್ಲಿ ಗಂಡನನ್ನು ಬಿಟ್ಟಷ್ಟು ಸುಲಭಕ್ಕೆ ಮನೆ ಬಿಡಲಾಗುವುದಿಲ್ಲ; ಎಲ್ಲವೂ ಸರ್ಕಾರದ ಮನೆ, ಇನ್ನೊಬ್ಬರ ಜೊತೆ ಅದಲುಬದಲು ಮಾಡಿಕೊಳ್ಳಬೇಕಷ್ಟೆ. ಆರು ತಿಂಗಳಿಂದ ಅದೇ ಎರಡು ಕೋಣೆ, ಒಂದೇ ಅಡುಗೆಮನೆ, ಫ್ರಿಜ್ಜಿನಲ್ಲಿ ಮೇಲಿನ ಎರಡು ಅಂತಸ್ತು ಅವನದು, ಕೆಳಗಿನೆರಡು ಅವಳದು. ಈ ಮನೆಗೆ ಬದಲಾಗಿ ಎರಡು ಜಾಗ ಗೊತ್ತಾಗಿತ್ತು. ಒಂದು ಟ್ರಾಮ್ ದಾರಿಯ ಮೇಲೇ ಇದ್ದ, ಬಿಸಿನೀರಿನ ಕೊಳವೆಯಿಂದ ಬೆಚ್ಚಗಿರುವ ಕೋಣೆ. ಇನ್ನೊಂದು ಹದಿನೇಳನೇ ಗಣಿಯ ಹಳೆಯ ಬ್ಯಾರಕ್ಕಿನಲ್ಲಿ, ಇದ್ದಲಿನ ಒಲೆ, ಬೀದಿ ನಲ್ಲಿ. ಇಬ್ಬರ ಸಹಿ ಬಿದ್ದರೆ ಸಾಕು. ಬ್ಯಾರಕ್ಕಿಗೆ ಹೋಗುವವರು ಯಾರು ಎಂಬಲ್ಲಿಗೆ ಬಂದು ಎಲ್ಲ ನಿಂತಿತ್ತು. ಎರಡು ಚಳಿಗಾಲ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ್ದ ಷೋಲ್ಪನ್‌ಗೆ ಆ ಹೊಗೆಯಲ್ಲಿ ಮೂರನೆಯದನ್ನು ದಾಟುತ್ತೇನೆಂಬ ನಂಬಿಕೆ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಇದ್ದಲಿನ ಮಾತು ತೆಗೆಯುತ್ತಿದ್ದ.

ಇಬ್ಬರೂ ಗಣಿ ವಿನ್ಯಾಸದ ಒಂದೇ ಕಚೇರಿಯಲ್ಲಿ ಎಂಜಿನಿಯರುಗಳು. ಆ ವರ್ಷಗಳಲ್ಲಿ ನಮ್ಮಲ್ಲಿ ಊಟದ ಹೊತ್ತಾಯಿತೆಂದರೆ ಎಲ್ಲರೂ ಅಂಗೈಯಗಲದ ಗಣಕಯಂತ್ರದ ಮೇಲೆ ಬಗ್ಗಿರುತ್ತಿದ್ದರು. ಅದಕ್ಕೆ ನೆನಪಿರುವುದು ನೂರೈದೇ ಹೆಜ್ಜೆ. ಒಂದು ಗುಂಡಿ ಒತ್ತಿದರೆ ಒಂದು ಹೆಜ್ಜೆ. ಅಷ್ಟರೊಳಗೆ ಆಟ ಬರೆದು ಚಂದ್ರನ ಮೇಲೆ ಇಳಿಯುವವರು, ಹಡಗು ಮುಳುಗಿಸುವವರು, ಏನೆಲ್ಲ ಮಾಡುತ್ತಿದ್ದರು. ಇನ್ನೊಬ್ಬ ಎಂಬತ್ತರಲ್ಲಿ ಬರೆದದ್ದನ್ನು ಎಪ್ಪತ್ತಕ್ಕೆ ಇಳಿಸಿದವನು ಆ ವಾರವೆಲ್ಲ ಕಾರಿಡಾರಿನಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದ. ಕೈದಾರ್ ಅಂಥವರ ಪೈಕಿ ಮೊದಲನೆಯವನು. ಏಪ್ರಿಲ್‌ನಲ್ಲೊಂದು ದಿನ ಜಗಳ ಮಿತಿ ಮೀರಿದಾಗ ಅವನೇ ಅಂದಿದ್ದ: "ನಿಂಗಷ್ಟು ಬುದ್ಧಿ ಇದ್ರೆ, ಆ ನಿನ್ನ ದರಿದ್ರ ಇಸ್ಪೀಟಾಟನ ನನಗಿಂತ ಕಡಿಮೆ ಹೆಜ್ಜೇಲಿ ಬರಿ. ಬರೆದ್ರೆ ಟ್ರಾಮ್ ದಾರಿ ಕೋಣೆ ನಿಂದು, ಹೋಗು." ಅವಳು ಆಗಲೇ ಕಾಗದ ತಂದಿಟ್ಟಳು.

ಅವಳ ಆಟಕ್ಕೆ ಗಡಿಯಾರ ಅಂತ ಹೆಸರು. ಒಬ್ಬರೇ ಕೂತು ಆಡುವುದು. ನಾಲ್ಕು ನಾಲ್ಕು ಎಲೆಯ ಹನ್ನೆರಡು ಗುಡ್ಡೆ ಸುತ್ತ, ಹದಿಮೂರನೆಯದು ನಡುವೆ. ನಡುವಿನಿಂದ ಒಂದೆಲೆ ಮಗುಚಿ, ಅದರ ಅಂಕಿಯ ಗುಡ್ಡೆಗೆ ಸೇರಿಸಿ (ಎಕ್ಕ ಒಂದು, ಗುಲಾಮ ಹನ್ನೊಂದು, ರಾಣಿ ಹನ್ನೆರಡು), ಆ ಗುಡ್ಡೆಯಿಂದ ಮುಂದಿನದನ್ನು ಎತ್ತಬೇಕು. ರಾಜ ಬಂದರೆ ನಡುವಿಗೆ. ನಾಲ್ಕನೇ ರಾಜ ಬಂದ ಕೂಡಲೇ ಆಟ ಮುಗಿಯಿತು. ಅಷ್ಟರಲ್ಲಿ ಎಲ್ಲ ಎಲೆಯೂ ಮಗುಚಿದ್ದರೆ ಕೂಡಿಬಂತು. ಆಡುವವರು ಆರಿಸುವುದೇನೂ ಇಲ್ಲ, ಕೈ ಸುಮ್ಮನೆ ಮಗುಚುತ್ತದೆ ಅಷ್ಟೆ. ಹನ್ನೊಂದು ವರ್ಷ ಷೋಲ್ಪನ್ ಸಂಜೆಯ ಅಡುಗೆ ಮುಚ್ಚಿಟ್ಟು ಅದನ್ನು ಹಾಸುತ್ತಿದ್ದಳು. ಕೂಡಿಬಂದರೆ ಕೈದಾರ್ ಏಳರೊಳಗೆ ಮನೆಗೆ ಬರುತ್ತಾನೆಂದು ಲೆಕ್ಕ.

ಪಂಥದ ನಿಯಮಗಳೂ ಫ್ರಿಜ್ಜಿನ ಮೇಲೇ ಇದ್ದವು. ಮಗುಚಿದ ಪ್ರತಿ ಎಲೆಯನ್ನೂ ಯಂತ್ರ ತೋರಿಸಬೇಕೆಂದು ಮೊದಲು ಬರೆದಿತ್ತು. ಮೇ ತಿಂಗಳಲ್ಲಿ ಕೈದಾರ್ ಅದಕ್ಕೆ ಮೂರು ಹೆಜ್ಜೆ ದಂಡ ಎಂದು ರಂಪ ಮಾಡಿ ಹೊಡೆದುಹಾಕಿಸಿದ. ಕೊನೆಗೆ ಎಷ್ಟೆಲೆ ಉಳಿಯಿತೆಂದು ತೋರಿಸಬೇಕೆಂಬುದನ್ನು ಜುಲೈನಲ್ಲಿ ಹೊಡೆಸಿದ. ಅಲ್ಲಿ ಎರಡು ಹೆಜ್ಜೆ. ಉಳಿದದ್ದು ಇಷ್ಟೇ: ಕೂಡಿಬಂದರೆ ಸೊನ್ನೆ, ಇಲ್ಲದಿದ್ದರೆ ಬೇರೆ ಯಾವುದಾದರೂ ಅಂಕಿ, ಅದೂ ನಿಜವಾದ ಎಲೆಗಳಲ್ಲಿ ಎಷ್ಟು ಸಲ ಕೂಡಿಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಸಲ. ಎರಡು ಸಲವೂ ಷೋಲ್ಪನ್ ಕೂಡಲೇ ಸಹಿ ಹಾಕಿದ್ದಳು.

ತೀರ್ಪಿಗೆ ಇಬ್ಬರೂ ಒಪ್ಪಿದ್ದು ಲೆಕ್ಕ ವಿಭಾಗದ ಮುಖ್ಯಸ್ಥೆ ಪೊಲೀನಾ ಸೆರ್ಗೇಯೆವ್ನಾ ತ್ಸಖಾಯ್‌ಳನ್ನು. ಆ ಕೊರಿಯನ್ ಹೆಂಗಸು ಇಬ್ಬರನ್ನೂ ಸಮಸಮ ಬೈಯುತ್ತಿದ್ದಳು. ಶುಕ್ರವಾರ ಊಟದ ಹೊತ್ತಿಗೆ ಕೈದಾರ್ ಎಪ್ಪತ್ತೊಂದು ಹೆಜ್ಜೆ ಒತ್ತಿ, ಯಂತ್ರವನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ಎರಡು ನಿಮಿಷ ಮಿಣುಕಿ ಯಂತ್ರ ‘೯’ ಎಂದಿತು. ಪೊಲೀನಾ ಅವನ ಕಾಗದವನ್ನು ಸಾಲುಸಾಲಾಗಿ ಬೆರಳಿಟ್ಟು ಓದಿ, ಸರಿಯಿದೆ ಎಂದು ತಲೆಯಾಡಿಸಿದಳು.

"ನಿಂದು?"

ಷೋಲ್ಪನ್ ಯಂತ್ರ ಆರಿಸಿ, ಹೊತ್ತಿಸಿ, ಆರು ಗುಂಡಿ ಒತ್ತಿದಳು. ನೋಡುತ್ತಿದ್ದವರು ಇನ್ನೂ ಶುರುಮಾಡಿಲ್ಲ ಅಂದುಕೊಂಡರು.

"ಮುಗೀತು," ಎಂದಳು.

ಪೊಲೀನಾ ಓದಿದಳು. ಯಂತ್ರದ ಮನಸ್ಸಿಗೆ ಬಂದ, ಒಂದಕ್ಕಿಂತ ಚಿಕ್ಕ ಭಿನ್ನರಾಶಿಯೊಂದನ್ನು ಕೇಳು, ಒಂದು, ಮೂರು, ಗುಣಿಸು, ಪೂರ್ಣಾಂಕ ಉಳಿಸು, ನಿಲ್ಲು. ಸೊನ್ನೆಯಿಂದ ಹನ್ನೆರಡರವರೆಗಿನ ಯಾವುದಾದರೊಂದು ಅಂಕಿ ಉಳಿಯುತ್ತದೆ, ಹದಿಮೂರಕ್ಕೊಂದು ಸಲ ಸೊನ್ನೆ ಬರುತ್ತದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡಳು.

ಕೈದಾರ್‌ನ ಕುತ್ತಿಗೆ ಕೆಂಪಾಯಿತು. "ಇದು ಮೋಸ. ಇದ್ರಲ್ಲಿ ಆಟ ಎಲ್ಲಿದೆ? ಗುಡ್ಡೆ ಎಲ್ಲಿ, ರಾಜ ಎಲ್ಲಿ?"

"ನೀನೇ ಹೊಡೆಸಿದ್ದಲ್ವಾ," ಎಂದಳು ಷೋಲ್ಪನ್. "ಐದು ಹೆಜ್ಜೆ ಉಳಿಯತ್ತೆ ಅಂತ. ಎಲೆ ತೋರಿಸೋದು ಬೇಡ, ಉಳಿದದ್ದು ಹೇಳೋದು ಬೇಡ, ಕೂಡಿಬಂತಾ ಇಲ್ವಾ ಅಷ್ಟೇ ಸಾಕು ಅಂದೆ."

"ಹದಿಮೂರು ಅಂತ ನಿಂಗ್ಯಾರು ಹೇಳಿದ್ದು? ಯಾವ ಪುಸ್ತಕ?"

"ಪುಸ್ತಕ ಯಾಕೆ. ಹನ್ನೊಂದು ವರ್ಷ ನೀನು ಯಾವಳ ಮನೇಲಿ ಚಾ ಕುಡೀತಿದ್ಯೋ, ನಾನು ಎಲೆ ಹಾಸ್ಕೊಂಡು ಕೂತಿದ್ದೆ. ಹದಿಮೂರಕ್ಕೊಂದು. ನೀನು ಹೊತ್ತಿಗೆ ಸರಿಯಾಗಿ ಬರ್ತಿದ್ದಿದ್ದೂ ಅಷ್ಟೇ."

ಯಾರೋ ನಕ್ಕರು. ಕೈದಾರ್ ಯಂತ್ರವನ್ನು ಬೀಸಿ ಎಸೆಯುತ್ತಾನೆ ಅನ್ನಿಸಿತು. ಎಸೆಯಲಿಲ್ಲ, ಅದು ಪೊಲೀನಾಳದು. "ನಂಗೊಪ್ಪಿಗೆ ಇಲ್ಲ. ಎಲೇಲಿ ಆಡಿ ತೋರಿಸ್ಲಿ. ನೂರು ಆಟ. ನಾನೇ ಮಗುಚ್ತೀನಿ, ಇವಳು ಮುಟ್ಟಕೂಡದು."

ನಿಯಮದಲ್ಲಿ ‘ನಿಜವಾದ ಎಲೆಗಳಲ್ಲಿ’ ಎಂದಿದ್ದುದರಿಂದ ಪೊಲೀನಾ ಒಪ್ಪಿದಳು. ಹದಿಮೂರಕ್ಕೊಂದೆಂದರೆ ನೂರಕ್ಕೆ ಹೆಚ್ಚುಕಡಿಮೆ ಎಂಟು; ನೂರರಲ್ಲಿ ಐದರಿಂದ ಹನ್ನೊಂದು ಕೂಡಿಬಂದರೆ ಷೋಲ್ಪನ್ ಗೆದ್ದಂತೆ. ಒಂದು ಕಡಿಮೆಯಾದರೂ, ಒಂದು ಹೆಚ್ಚಾದರೂ ಕೋಣೆ ಕೈದಾರ್‌ನದು.

ಶನಿವಾರ ಬೆಳಗ್ಗೆಯೇ ಅಡುಗೆಮನೆಯ ಮೇಜು ತೆರವಾಯಿತು. ಎರಡು ಕಟ್ಟು ಎಲೆ. ಪೊಲೀನಾ ಒಂದನ್ನು ಕಲೆಸುವಾಗ ಕೈದಾರ್ ಇನ್ನೊಂದನ್ನು ಮಗುಚುವನು. ಷೋಲ್ಪನ್ ಹಾಲು ಹಾಕಿದ ಚಹಾ ಮಾಡಿ ಪೊಲೀನಾಗೊಂದು ಬಟ್ಟಲು ಕೊಟ್ಟಳು, ತನಗೊಂದು. ಸಂಜೆಗೆ ಐವತ್ತೆರಡು ಆಟ ಮುಗಿದು, ಕೂಡಿಬಂದದ್ದಕ್ಕೆ ಮೂರು ಗೀಟು ಬಿದ್ದಿದ್ದವು. ಭಾನುವಾರ ಬೆಳಗ್ಗೆ ಒಂದು. ಆಮೇಲೆ ಗೀಟೇ ಇಲ್ಲ. ಅರವತ್ತು, ಎಪ್ಪತ್ತು, ಎಂಬತ್ತು. ನಾಲ್ಕನೇ ರಾಜ ಎಲ್ಲೋ ಅರ್ಧದಲ್ಲೇ ಬಂದು ಕೂರುತ್ತಿದ್ದ. ತೊಂಬತ್ತನೆಯ ಆಟ ಕೆಟ್ಟಾಗ ಕೈದಾರ್ ಸಿಳ್ಳೆ ಹಾಕಿದ.

"ಆ ಬ್ಯಾರಕ್ಕಲ್ಲಿ ಇಲಿ ಜಾಸ್ತಿಯಂತೆ. ಬೆಕ್ಕು ಬೇಕಾದ್ರೆ ಹೇಳು, ನೋಡ್ತೀನಿ."

ಷೋಲ್ಪನ್‌ಗೆ ಕೆಮ್ಮು ಬಂತು. ಅವನೆದುರು ಕೆಮ್ಮಬಾರದೆಂದು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೆಮ್ಮಿದಳು. ಭಯವಾಗಿತ್ತು, ಬರಿ ಭಯ. ಲೆಕ್ಕ ತಪ್ಪಿಲ್ಲ, ಆದರೆ ಎಲೆಗಳಿಗೆ ಲೆಕ್ಕದ ಹಂಗೇನಿದೆ? ಬಂದು ಕೂತಾಗ ತೊಂಬತ್ತಾರನೆಯದು ನಡೆಯುತ್ತಿತ್ತು. ಮೂರು ರಾಜರು ಬಂದಾಗಿತ್ತು, ಒಂಬತ್ತು ಎಲೆ ಬಾಕಿ. ಕೈದಾರ್ ಮಗುಚಿದ: ಆರು. ಗುಲಾಮ. ಎರಡು. ಮತ್ತೆ ಆರು. ಅವನ ಕೈ ನಿಧಾನವಾಯಿತು. ಎಂಟು. ರಾಣಿ. ಎಕ್ಕ. ಹತ್ತು. ಕೊನೆಯ ಎಲೆಯ ಮೇಲೆ ಬೆರಳಿಟ್ಟು ಅವನು ಹಾಗೇ ಕೂತ.

"ಮಗುಚು," ಎಂದಳು ಪೊಲೀನಾ. "ಅದೇನಂತ ನಿಂಗೂ ಗೊತ್ತು."

ರಾಜ. ಪೊಲೀನಾ ಐದನೇ ಗೀಟೆಳೆದು, ಷೋಲ್ಪನ್ ಸಹಿ ಆಗಲೇ ಬಿದ್ದಿದ್ದ ಮನೆ ವಿನಿಮಯದ ಕಾಗದವನ್ನು ಅವನ ಮುಂದೆ ತಳ್ಳಿದಳು.

"ನೂರಾಗ್ಲಿ."

"ನೂರಾದ್ರೆ ಐದು ನಾಲ್ಕಾಗಲ್ಲ. ಇನ್ನುಳಿದಿರೋದು ನಾಲ್ಕೇ ಆಟ, ಹನ್ನೆರಡೂ ಆಗಲ್ಲ. ಹಾಕು."

ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ಪೊಲೀನಾ ಕೋಟು ತೊಟ್ಟು, ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಷೋಲ್ಪನ್ ಸ್ಟೂಲೊಂದನ್ನೆತ್ತಿಕೊಂಡು ತನ್ನ ಕೋಣೆಗೆ ಹೋದಳು.

ಕೈದಾರ್ ಎಲೆಗಳನ್ನು ಒಟ್ಟುಮಾಡಿ, ಕಲೆಸಿ, ಮತ್ತೆ ಹಾಸಿದ. ತೊಂಬತ್ತೇಳು ಕೆಟ್ಟಿತು. ತೊಂಬತ್ತೆಂಟು, ತೊಂಬತ್ತೊಂಬತ್ತು. ಬಟ್ಟಲಲ್ಲಿ ಉಳಿದಿದ್ದ ಪೊಲೀನಾಳ ತಣ್ಣನೆ ಚಹಾ ಕುಡಿದ. ನೂರನೆಯದರಲ್ಲಿ ಒಂದೊಂದೇ ಗುಡ್ಡೆ ಮೇಲ್ಮೊಗವಾಗುತ್ತ ಬಂತು, ಸುತ್ತಲೂ ಹನ್ನೆರಡೂ, ಕಟ್ಟಕಡೆಗೆ ನಡುವಿನ ರಾಜ. ಹೊರಗೆ ಇನ್ನೂ ಬೆಳಕಿತ್ತು. ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷವಿತ್ತು.

"ಕೂಡಿಬಂತು," ಎಂದ.

ಆಚೆ ಕೋಣೆಯಲ್ಲಿ ಷೋಲ್ಪನ್ ಸ್ಟೂಲಿನ ಮೇಲೆ ನಿಂತು ಪರದೆಯ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು.